ಎಡಗಡೆಯ ನಾಡು

ಜೂನ್ 3, ಸೋಮವಾರ

ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ಇವತ್ತಿಗೆ ಐದು ದಿನ. ಈ ಪುಸ್ತಕ ಕೊಟ್ಟವಳು ಅಲ್ಲಿನ ನರ್ಸು. ಎಷ್ಟು ತಿಂದರು, ಎಷ್ಟು ಮಲಗಿದರು, ಯಾವ ಮಾತ್ರೆ ಯಾವಾಗ ನುಂಗಿದರು, ಎಲ್ಲ ಬರೆದಿಡಿ ಎಂದಳು. ಅದು ಮುಂದಿನಿಂದ. ಪುಸ್ತಕ ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಇದು, ನನ್ನದು. ಯಾರಿಗೂ ತೋರಿಸುವುದಕ್ಕಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಕಾಲರಿನ ಅಳತೆ, ತೋಳಿನ ಅಳತೆ ಬಿಟ್ಟು ನಾನು ಏನೂ ಬರೆದವಳಲ್ಲ. ಆದರೆ ಈಚೆಗೆ ದೇವರ ಮುಂದೆ ಕೂತರೆ ಬೇಡುವುದೊಂದು ಬಿಟ್ಟು ಬೇರೆ ಮಾತೇ ಬರುವುದಿಲ್ಲ. ಅವನಿಗೂ ಕೇಳಿ ಕೇಳಿ ಸಾಕಾಗಿರಬೇಕು. ಉಳಿದ ಮಾತು ಇಲ್ಲಿ ಬರೆಯುತ್ತೇನೆ.

ತಲೆಯ ಬಲಗಡೆ ರಕ್ತ ಹೆಪ್ಪುಗಟ್ಟಿತ್ತಂತೆ. ಅದಕ್ಕೇ ಎಡಗೈ, ಎಡಗಾಲು ಸೋತಿವೆ, ಓಡಾಟ ಹೆಚ್ಚಾಗಿ ಗಾಲಿ ಕುರ್ಚಿಯಲ್ಲೇ. ಬಲಗಡೆ ಕೆಟ್ಟರೆ ಎಡಗಡೆ ಯಾಕೆ ಸೋಲಬೇಕು ಎಂದು ಕೇಳಿದೆ. ಡಾಕ್ಟರು ಏನೋ ಹೇಳಿದರು, ತಲೆಗೆ ಹೋಗಲಿಲ್ಲ. ಮಾತು ಮಾತ್ರ ದೇವರ ದಯೆಯಿಂದ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಸ್ವಲ್ಪ ಕಡಿಮೆಯಾಗಿದ್ದರೂ ನಾನು ತಕರಾರು ಮಾಡುತ್ತಿರಲಿಲ್ಲ.

ಆಗಸ್ಟ್ 12ಕ್ಕೆ ಮತ್ತೆ ತೋರಿಸಬೇಕು. ಹೊಲಿಗೆ ಕಾರ್ಖಾನೆಯಲ್ಲಿ ನನ್ನ ರಜೆ ಮುಗಿಯುವುದೂ ಆ ವಾರವೇ. ಡಾಕ್ಟರು ಹೇಳಿದ್ದು ಇಷ್ಟು: "ಅಷ್ಟರಲ್ಲಿ ಎಡಗಡೆ ಗಮನ ಬಂದರೆ ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರಬಹುದು. ಬರಲಿಲ್ಲ ಅಂದ್ರೆ ಒಬ್ಬರನ್ನೇ ಬಿಡೋ ಹಾಗಿಲ್ಲಮ್ಮ. ಒಲೆ, ಮೆಟ್ಟಿಲು, ಬಾಗಿಲು, ಎಲ್ಲ ಅಪಾಯ." ಮಗಳು ಆಗಲೇ ಒಂದು ಆರೈಕೆ ಮನೆ ನೋಡಿಟ್ಟಿದ್ದಾಳೆ. ಒಳ್ಳೆಯ ಜಾಗವಂತೆ. ಕಿಟಕಿಯಾಚೆ ಮರಗಳಿವೆಯಂತೆ. ಮೂವತ್ತು ವರ್ಷ ನನ್ನ ಜೊತೆ ತಗಡಿನ ಶೆಡ್ಡುಗಳಲ್ಲಿ ಬಾಳಿದ ಮನುಷ್ಯ, ಅವರಿಗೆ ಕಿಟಕಿಯಾಚೆಯ ಮರ ಯಾಕೆ, ನಾನಿರುವಾಗ?

ದಿನಕ್ಕೆರಡು ಸಲ ಎಡಗೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೇನೆ. ಸರಿಹೋಗುತ್ತದೆ.

ಜೂನ್ 6, ಗುರುವಾರ

ಮತ್ತೆ ಅರ್ಧ ಊಟ ಬಿಟ್ಟರು. ಉಪ್ಪು ಕಮ್ಮಿಯಾಯಿತಾ ಎಂದೆ.

"ಎಲ್ಲಾ ತಿಂದೆನಲ್ಲೇ. ಇನ್ನೊಂಚೂರು ಬಡಿಸು."

ತಟ್ಟೆಯಲ್ಲಿ ಅರ್ಧ ಹಾಗೇ ಕೂತಿದೆ, ಚಾಕು ಹಾಕಿ ಕತ್ತರಿಸಿಟ್ಟ ಹಾಗೆ. ನನಗೆ ರೇಗಿತು. ಆಸ್ಪತ್ರೆಯ ಊಟ ಉಂಡು ಬಂದವರಿಗೆ ನನ್ನ ಕೈ ಅಡುಗೆ ಬೇಡವಾಯಿತೇನೋ. ಗಡ್ಡವನ್ನೂ ಅರ್ಧಕ್ಕೇ ಹೆರೆದು ಬಿಡುತ್ತಾರೆ. ಸೋಮಾರಿತನ ಎಂದರೆ ಸಿಟ್ಟು ಬರುತ್ತದೆ.

ಮಾತಾಡಿಸುವುದಕ್ಕೆ ಬಲಗಡೆ ಕುರ್ಚಿ ಹಾಕಿಕೊಂಡಿದ್ದೇನೆ. ಅಲ್ಲಿ ಕೂತರೆ ನಗುತ್ತಾರೆ.

ಜೂನ್ 11, ಮಂಗಳವಾರ

ವಾರಕ್ಕೆ ಎರಡು ಸಲ ಮನೆಗೆ ಬಂದು ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳಿದ್ದಾಳೆ. ಇವರು ಅವಳಿಗೆ ಇನ್ಸ್‌ಪೆಕ್ಟರಮ್ಮ ಎಂದು ಹೆಸರಿಟ್ಟಿದ್ದಾರೆ. ತಲೆಗೂ ಕೆಲಸ ಬೇಕು, ಅವಸರ ಇಲ್ಲದ ಆಟ ಯಾವುದಾದರೂ ಆಡಿಸಿ ಎಂದು ಅವಳೇ ಹೇಳಿದ್ದು. ಅಳಿಯ ಇವತ್ತು ತನ್ನ ಹಳೇ ಕಂಪ್ಯೂಟರ್ ತಂದು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟ. ಒಳಗೊಂದು ಆಟ ಹಾಕಿಕೊಟ್ಟ. ರಾಜ್ಯ ಕಟ್ಟುವ ಆಟ.

ಐವತ್ತು ವರ್ಷದವಳು ಮಕ್ಕಳಾಟ ಆಡುವುದೇ ಎಂದು ನಾಚಿಕೆಯಾಯಿತು. ಆದರೆ ಇಬ್ಬರು ಬೇಕಂತೆ. ಕೆಂಪು ಬಣ್ಣದ ರಾಜ್ಯ ಇವರದು, ಹಸಿರು ನನ್ನದು. ಇವರು ಒಂದು ಸುತ್ತು ಆಡಬೇಕು, ಆಮೇಲೆ ನಾನು, ಆಮೇಲೆ ಮತ್ತೆ ಇವರು. ಒಬ್ಬರು ಆಡುವ ತನಕ ಇನ್ನೊಬ್ಬರು ಕಿಟಕಿಯಾಚೆ ನೋಡುತ್ತಾ ಕೂರುವುದು. ಎಷ್ಟು ಹೊತ್ತು ತಗೊಂಡರೂ ಆಟ ಬೈಯುವುದಿಲ್ಲ, ಸುಮ್ಮನೆ ಕಾಯುತ್ತದೆ. ಅದೊಂದು ನನಗೆ ಹಿಡಿಸಿತು. ನಮ್ಮನ್ನು ಅಷ್ಟು ತಾಳ್ಮೆಯಿಂದ ಕಾಯುವವನು ಮೇಲೊಬ್ಬನೇ ಎಂದುಕೊಂಡಿದ್ದೆ.

ಆಟ ಶುರುವಾಗುವ ಮೊದಲು ಅದು ಒಂದು ಮಾತು ಕೇಳುತ್ತದೆ: ಎಂಥ ನೆಲ ಬೇಕು? ಆರು ಪುಟ್ಟ ಚಿತ್ರಗಳು ಒಂದೇ ಸಾಲಿನಲ್ಲಿ ಬರುತ್ತವೆ. ಎಡದಿಂದ ಅಳಿಯ ಹೆಸರು ಹೇಳಿಕೊಟ್ಟ: ಒಂದೇ ಖಂಡ, ಎರಡು ಖಂಡ, ಕಣಿವೆ, ಒಳಗಡಲು, ಬೆಟ್ಟಸಾಲು, ದ್ವೀಪಗಳು. ಆರಿಸಿದ ಮೇಲೆ ಇಡೀ ಭೂಮಿ ಕಪ್ಪಗೆ ಮುಚ್ಚಿಕೊಂಡು ಬರುತ್ತದೆ. ನಾವು ಕಾಲಿಟ್ಟಷ್ಟು ಮಾತ್ರ ಬೆಳಕು.

ನಾನು ಆ ಆರು ಚಿತ್ರ ನೋಡುತ್ತಾ ಕೂತುಬಿಟ್ಟೆ. ಇವರು ರಸ್ತೆ ಹಾಕುವ ತಂಡದ ಮೇಸ್ತ್ರಿ. ಒಂದು ರಸ್ತೆ ಮುಗಿದರೆ ಗಂಟುಮೂಟೆ ಕಟ್ಟಿ ಮುಂದಿನದಕ್ಕೆ. ಮದುವೆಯಾದಾಗಿನಿಂದ ಹನ್ನೊಂದು ಬಿಡಾರ. ಬೆಟ್ಟದಲ್ಲಿ ಬಂಡೆ ಸಿಡಿಸುವ ಸದ್ದಿಗೆ ತೊಟ್ಟಿಲಲ್ಲಿ ಮಗಳು ಬೆಚ್ಚುತ್ತಿದ್ದಳು. ಒಳಗಡಲ ದಂಡೆಯ ಬಿಡಾರದಲ್ಲಿ ಒಗೆದ ಬಟ್ಟೆಯೆಲ್ಲ ಉಪ್ಪು ಹತ್ತಿ ಹಪ್ಪಳದ ಹಾಗೆ ನಿಲ್ಲುತ್ತಿತ್ತು. ಇದರಲ್ಲಿ ಯಾವುದು ಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಬೇಕು ಎಂದು ನನಗೂ ಅನ್ನಿಸಿರಲಿಲ್ಲ.

"ಯಾವುದು ಹಾಕ್ಲಿ ಮಾವ?" ಎಂದ ಅಳಿಯ.

"ದ್ವೀಪ," ಎಂದರು, ಒಂದು ಗಳಿಗೆಯೂ ಯೋಚಿಸದೆ.

ಜೂನ್ 19, ಬುಧವಾರ

ನಾಲ್ಕು ಸಲ ಹೊಸ ಆಟ ಶುರು ಮಾಡಿದೆವು. ನಾಲ್ಕು ಸಲವೂ ಇವರು ಆರಿಸಿದ್ದು ದ್ವೀಪವೇ. ಇವತ್ತು ಮಧ್ಯಾಹ್ನ ಇವರು ಮಲಗಿದ ಮೇಲೆ ನನಗೆ ತಟ್ಟನೆ ಹೊಳೆಯಿತು. ಕಣ್ಣು ತುಂಬಿ ಬಂತು.

ನಮ್ಮ ಮೊದಲ ಬಿಡಾರ ಒಂದು ದ್ವೀಪದಲ್ಲಿತ್ತು. ಹಡಗುಕಟ್ಟೆಯಿಂದ ದೀಪಸ್ತಂಭಕ್ಕೆ ರಸ್ತೆ ಹಾಕುವ ಕೆಲಸ. ನಾನು ಆಗ ಇಪ್ಪತ್ತರವಳು, ಅದಕ್ಕೆ ಮೊದಲು ಸಮುದ್ರವನ್ನೇ ನೋಡಿರಲಿಲ್ಲ. ದೋಣಿ ಇಳಿಯುವಾಗ ಹೆದರಿ ಇವರ ಅಂಗಿ ಹಿಡಿದೆ, ಗುಂಡಿ ಕಿತ್ತು ನೀರಿಗೆ ಬಿತ್ತು. "ಮೊದಲನೇ ದಿನವೇ ನನ್ನ ಬಟ್ಟೆ ಬಿಚ್ಚಿಸಬೇಡ ಮಹರಾಯಿತಿ, ಕೂಲಿಯವರು ನೋಡ್ತಿದ್ದಾರೆ," ಎಂದರು. ಗೋಡೆ ನಾಲ್ಕೂ ಕಡೆ ತಗಡು. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳದು, ಸನ್ನೆಯಲ್ಲೇ ಜಗಳ. ಬಂಡೆ ಸಿಡಿಸುವ ಮದ್ದಿನ ಖಾಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಇವರು ನನಗೊಂದು ಕಪಾಟು ಮಾಡಿಕೊಟ್ಟಿದ್ದರು. ಅದರ ಮೇಲೆ "ಅಪಾಯ" ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅದರಲ್ಲಿ ನಾನು ಸೀರೆ ಇಟ್ಟುಕೊಳ್ಳುತ್ತಿದ್ದೆ. ಸಂಜೆ ಕೆಲಸ ಬಿಟ್ಟ ಮೇಲೆ ಇಬ್ಬರೂ ದ್ವೀಪವನ್ನು ಒಂದು ಸುತ್ತು ಬರುತ್ತಿದ್ದೆವು. ಪೂರ್ತಿ ಸುತ್ತಿದರೂ ಒಂದೂವರೆ ಗಂಟೆ ಸಾಕು. ಇಷ್ಟು ಚಿಕ್ಕ ಜಾಗದಲ್ಲಿ ಕಳೆದುಹೋಗುವ ಭಯವೇ ಇಲ್ಲ ಎಂದು ನಾನು ಒಮ್ಮೆ ಹೇಳಿದ್ದು ನೆನಪಿದೆ.

ಎಲ್ಲ ಮರೆತಿದ್ದಾರೆ, ಇವರಿಗೆ ರಸ್ತೆ ಒಂದೇ ನೆನಪು ಎಂದುಕೊಂಡಿದ್ದೆ. ಇಷ್ಟು ವರ್ಷ ಬಾಯಿಬಿಟ್ಟು ಹೇಳಲಿಲ್ಲ. ಈಗ ಕೈ ಸೋತ ಮೇಲೆ, ಆ ಆರು ಚಿತ್ರದಲ್ಲಿ ಬೆರಳು ನೇರ ಅಲ್ಲಿಗೇ ಹೋಗುತ್ತದೆ. ದೇವರೇ, ಇಷ್ಟು ತಿಳಿಸಿದ್ದಕ್ಕೆ ನಿನಗೆ ಕೈ ಮುಗಿಯುತ್ತೇನೆ.

ಆಟದಲ್ಲಿ ನಾನು ಮೊದಲು ಪ್ರಾರ್ಥನಾ ಮಂದಿರ ಕಟ್ಟುತ್ತೇನೆ, ಆಮೇಲೆ ಬಾವಿ. ಸೈನಿಕರನ್ನು ಮಾಡುವುದಿಲ್ಲ. "ನಿನ್ನ ರಾಜ್ಯದಲ್ಲಿ ಜನಕ್ಕಿಂತ ಮಂದಿರವೇ ಜಾಸ್ತಿ, ಕಳ್ಳರು ಬಂದರೆ ಭಜನೆ ಮಾಡಿ ಓಡಿಸ್ತೀಯಾ?" ಎನ್ನುತ್ತಾರೆ. ಎನ್ನಲಿ.

ಜೂನ್ 24, ಸೋಮವಾರ

ಬರೆಯುವುದಕ್ಕೂ ನಾಚಿಕೆ.

ಇನ್ಸ್‌ಪೆಕ್ಟರಮ್ಮ ಬಂದಾಗ ನಾನೇ ಹೆಮ್ಮೆಯಿಂದ ಹೇಳಿದೆ, ಇವರು ಯಾವಾಗಲೂ ದ್ವೀಪವನ್ನೇ ಆರಿಸುತ್ತಾರೆ, ನಮ್ಮ ಮೊದಲ ಮನೆ ಅಲ್ಲಿತ್ತು ಎಂದು. ಅವಳು ನನ್ನ ಮುಖ ನೋಡಿದಳು. ಆಮೇಲೆ ಕಂಪ್ಯೂಟರಿನಲ್ಲಿ ಆ ಆರು ಚಿತ್ರ ತೆರೆದು ಇವರನ್ನು ಕೇಳಿದಳು.

"ಅಂಕಲ್, ಇಲ್ಲಿ ಎಷ್ಟು ಚಿತ್ರ ಇವೆ?"

"ಎರಡು."

"ಸರಿಯಾಗಿ ನೋಡಿ."

"ಎರಡೇ ಕಣಮ್ಮ. ಬೆಟ್ಟ ಒಂದು, ದ್ವೀಪ ಒಂದು. ಬೆಟ್ಟ ಹತ್ತಿ ಹತ್ತಿ ಮಂಡಿ ಸವೆದಿದೆ, ಅದಕ್ಕೇ ದ್ವೀಪ ಹಾಕ್ಕೋತೀನಿ. ಯಾಕೆ, ಅದಕ್ಕೂ ನಿಮ್ಮ ಪರವಾನಗಿ ಬೇಕಾ?"

ನಾನು ಪರದೆಯ ಮೇಲಿನ ಚಿತ್ರಗಳನ್ನು ಬೆರಳಿಟ್ಟು ಎಣಿಸಿದೆ. ಆರು.

ಅವಳು ನನ್ನನ್ನು ಅಡುಗೆಮನೆಗೆ ಕರೆದು ಬಿಡಿಸಿ ಹೇಳಿದಳು. ಕಣ್ಣು ಸರಿಯಾಗಿದೆಯಂತೆ. ಆದರೆ ಎಡಗಡೆ ಎನ್ನುವುದೊಂದು ಇದೆ ಎನ್ನುವುದೇ ಮೆದುಳಿಗೆ ಮರೆತುಹೋಗಿದೆಯಂತೆ. "ಗೋಡೆ ಅಡ್ಡ ಇದ್ರೆ ಆಚೆ ಏನೋ ಇದೆ ಅಂತಾದ್ರೂ ಅನ್ಸತ್ತೆ ಆಂಟಿ. ಇವರಿಗೆ ಗೋಡೆಯೂ ಇಲ್ಲ, ಆಚೆಯೂ ಇಲ್ಲ." ತಟ್ಟೆಯ ಎಡಭಾಗ ಇಲ್ಲ. ಕೆನ್ನೆಯ ಎಡಭಾಗ ಇಲ್ಲ. ಎಡಗಡೆಯ ಒಲೆ ಉರಿಯುತ್ತಿದ್ದರೆ ಆ ಬೆಂಕಿಯೂ ಇಲ್ಲ. ಡಾಕ್ಟರು ಎಡಗಡೆ ಎಂದದ್ದು ಇದನ್ನು. ನಾನು ನಾಲ್ಕು ವಾರ ಎಣ್ಣೆ ತಿಕ್ಕಿದೆ.

"ನೀವು ಬಲಗಡೆ ಕೂತು ಎಲ್ಲ ಕೈಗೆ ಕೊಟ್ರೆ ಅವರು ಆ ಕಡೆ ತಿರುಗೋದೇ ಇಲ್ಲ. ಎಡಗಡೆ ಕೂತ್ಕೊಳ್ಳಿ. ಕರೀರಿ. ತಿರುಗೋ ತನಕ ಬಿಡಬೇಡಿ. ಆಟ ಒಳ್ಳೇದೇ. ಆದರೆ ದ್ವೀಪ ಬೇಡ. ದ್ವೀಪದಲ್ಲಿ ಎಡಕ್ಕೆ ಹೋಗದೆಯೂ ಆರಾಮಾಗಿ ರಾಜ್ಯ ಆಳಬಹುದು. ಎಡಕ್ಕೆ ಹೋಗದೆ ವಿಧಿಯಿಲ್ಲ ಅನ್ನೋಂಥ ನೆಲ ನೀವೇ ಆರಿಸಿ."

ನಾನೇ ಆರಿಸಬೇಕಂತೆ.

ಆ ಗುಂಡಿ, ಆ ಕಪಾಟು, ಆ ಸಂಜೆಯ ಸುತ್ತು, ಯಾವುದೂ ಇವರ ತಲೆಯಲ್ಲಿ ಇರಲಿಲ್ಲ. ಸಾಲಿನ ಬಲತುದಿಯಲ್ಲಿ ಯಾವ ಚಿತ್ರವಿತ್ತೋ ಅದು. ಅಷ್ಟೇ.

ಜೂನ್ 30, ಭಾನುವಾರ

ಎಡಗಡೆ ಕೂರುತ್ತಿದ್ದೇನೆ. ಆರು ದಿನವಾಯಿತು.

ಕರೆದರೆ ಧ್ವನಿ ಕೇಳುತ್ತದೆ. ಆದರೆ ಬಲಗಡೆ ಹುಡುಕುತ್ತಾರೆ. ಬಲಗಡೆಯ ಖಾಲಿ ಕುರ್ಚಿಗೆ ಹೇಳುತ್ತಾರೆ, "ಎಲ್ಲಿದ್ದೀಯೇ, ಬಾಗಿಲ ಹಿಂದೆ ನಿಂತು ಮಾತಾಡ್ತೀಯಾ?" ನಾನು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಇರುತ್ತೇನೆ. ಉಸಿರಾಡುತ್ತಿರುತ್ತೇನೆ. ಎದ್ದು ಬಲಗಡೆಗೆ ಹೋದರೆ ಮುಖ ಅರಳುತ್ತದೆ ಎಂದು ಗೊತ್ತು. ಎದ್ದು ಹೋಗುವುದಿಲ್ಲ.

ಯಾರನ್ನಾದರೂ ಮಾತು ಬಿಟ್ಟು ಶಿಕ್ಷಿಸುವುದು ನನಗೆ ಗೊತ್ತು. ಇದು ಅದಲ್ಲ. ನನ್ನ ಮೇಲೆ ಇವರಿಗೆ ಸಿಟ್ಟಿಲ್ಲ. ನಾನು ಇಲ್ಲ, ಅಷ್ಟೇ.

ಜುಲೈ 5, ಶುಕ್ರವಾರ

ಜಗಳ. ಮದುವೆಯಾದ ಮೇಲೆ ಇಂಥದ್ದು ಇದೇ ಮೊದಲು.

"ದ್ವೀಪ ಹಾಕು."

"ಇವತ್ತು ಒಂದೇ ಖಂಡ."

"ಯಾರು ಹೇಳಿದ್ದು?"

"ನಾನು."

"ನೀನಾ?" ಖಾಲಿ ಕುರ್ಚಿಯ ಕಡೆ ಹುಬ್ಬೇರಿಸಿದರು. "ಈ ಮನೆಗೆ ಮೇಸ್ತ್ರಿ ಯಾರು?"

"ರಸ್ತೆಗೆ ನೀವು. ಇದು ರಸ್ತೆ ಅಲ್ಲವಲ್ಲ."

"ಇನ್ಸ್‌ಪೆಕ್ಟರಮ್ಮ ನಿನ್ನ ಕಿವಿ ಊದಿದ್ದಾಳೆ."

"ಊದಿದ್ರೆ ಊದಲಿ. ಆಡ್ತೀರೋ ಬಿಡ್ತೀರೋ?"

ನನ್ನ ಬಾಯಿಂದ ಬಂದ ಮಾತು ನನಗೇ ಹೊಸದು. ಮುಖ ಊದಿಸಿಕೊಂಡು ಅರ್ಧ ಗಂಟೆ ಕೂತರು. ಆಮೇಲೆ, "ಹಾಕು ಹಾಕು, ನಿನ್ನ ಕಾಲವೂ ಬರಬೇಕಲ್ಲ," ಎಂದರು. ಎಡತುದಿಯ ಚಿತ್ರ ಒತ್ತಿದೆ.

ಇವರು ಖಂಡದ ಪೂರ್ವದ ತುದಿಯಲ್ಲಿ, ನಾನು ಪಶ್ಚಿಮದಲ್ಲಿ, ಎಂದರೆ ಎಡಗಡೆ. ನಡುವೆ ಬಯಲು. ನಡೆದು ಬಂದರೆ ಸಾಕು.

ಜುಲೈ 10, ಬುಧವಾರ

ನಕ್ಕು ನಕ್ಕು ಹೊಟ್ಟೆ ನೋವು. ಎಷ್ಟು ದಿನವಾಗಿತ್ತು.

ಐದು ದಿನದಿಂದ ಆಟದಲ್ಲಿ ಇವರ ದಾರಿ ನೋಡುವ ಬೇಹಿನವನು ಬಲಕ್ಕೆ ಬಿಟ್ಟು ಬೇರೆ ಕಡೆ ಹೆಜ್ಜೆ ಇಟ್ಟಿರಲಿಲ್ಲ. ಬಲಗಡೆ ಸಮುದ್ರ ಬಂತು. ದೋಣಿ ಕಟ್ಟಿದರು. ದೋಣಿಯನ್ನು ಬಲಕ್ಕೇ ಬಿಟ್ಟರು, ಸುತ್ತಿನ ಮೇಲೆ ಸುತ್ತು. ಬರೀ ನೀರು. ನಾನು ಎಡಗಡೆ ಕೂತು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ. ಇವತ್ತು ನೋಡಿದರೆ ಇವರ ದೋಣಿ ನನ್ನ ಪಶ್ಚಿಮದ ತೀರಕ್ಕೆ ಬಂದು ನಿಂತಿದೆ! ಆಟದ ಭೂಮಿಯೂ ಗುಂಡಗಿದೆಯಂತೆ. ನನ್ನ ಊರುಗಳು ಈಗ ದೋಣಿಯ ಬಲಗಡೆ ಬಂದವು.

"ಸಿಕ್ಕಿಬಿದ್ದೆಯಲ್ಲೇ ಕಳ್ಳಿ! ಇಷ್ಟು ದಿನ ಇಲ್ಲಿ ಅಡಗಿದ್ದೀಯಾ?"

"ನಾನು ಅಡಗಿಲ್ಲ. ಪಕ್ಕದ ಮನೆಗೆ ಬರೋಕೆ ನೀವು ಭೂಮಿ ಸುತ್ತಿ ಬಂದಿರಿ."

"ಎಲ್ಲಿ ಸುತ್ತಿ ಬಂದರೇನು, ಬಂದೆನೋ ಇಲ್ವೋ?"

ಆಮೇಲೆ ಗಮನಿಸಿದೆ. ನೀರಿನ ಲೋಟ ಎಡಗಡೆ ಇಟ್ಟಿದ್ದೆ. ಇದೆ ಇದೆ ಎಂದು ನಾನು ಹೇಳುತ್ತಲೇ ಇದ್ದೆ. ಇವರು ಗಾಲಿ ಕುರ್ಚಿಯನ್ನು ಬಲಕ್ಕೆ ತಿರುಗಿಸುತ್ತಾ ತಿರುಗಿಸುತ್ತಾ ಒಂದು ಪೂರ್ತಿ ಸುತ್ತು ಹಾಕಿ ಲೋಟ ಬಲಗಡೆ ಬಂದಾಗ ಎತ್ತಿಕೊಂಡರು. ನನ್ನನ್ನೂ ದಾಟಿಕೊಂಡು ಹೋದರು, ಒಂದು ಗಳಿಗೆ ಕಣ್ಣಿಗೆ ಕಣ್ಣು ಸಿಕ್ಕಿತು. "ಇಲ್ಲೇ ಇದ್ದೀಯಾ?" ಎನ್ನುವಷ್ಟರಲ್ಲಿ ಕುರ್ಚಿ ಮುಂದೆ ಹೋಯಿತು.

ಜುಲೈ 18, ಗುರುವಾರ

ಮಗಳು ಬಂದಿದ್ದಳು. ಅಪ್ಪನ ಎಡಗಡೆಯಿಂದ ಒಳಗೆ ಬಂದಳು, ಚೀಲ ಇಟ್ಟಳು, ಅಪ್ಪಾ ಎಂದಳು, ಹೆಗಲು ಮುಟ್ಟಿದಳು. ಇವರು ಬಲಕ್ಕೆ ನೋಡಿ, "ಧ್ವನಿ ಬಂತು, ಎಲ್ಲಿ?" ಎಂದರು. ಅವಳು ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ಅತ್ತಳು.

"ಅಮ್ಮಾ, ನಾನು ಕೆಟ್ಟವಳಲ್ಲ. ಆ ಮನೆಯಲ್ಲಿ ಹೆಸರು ಬರೆಸಿದ್ದೀನಿ. ಹದಿಮೂರನೇ ತಾರೀಕು ಒಂದು ಹಾಸಿಗೆ ಖಾಲಿ ಆಗತ್ತೆ."

"ಹನ್ನೆರಡಕ್ಕೆ ಡಾಕ್ಟರ್ ನೋಡಲಿ, ಆಮೇಲೆ."

"ಆಟ ಆಡಿದ್ರೆ ಸರಿ ಹೋಗತ್ತಾ ಅಮ್ಮ ಇದು?"

ನನಗೇನು ಗೊತ್ತು? ಗೊತ್ತಿಲ್ಲ ಎಂದೆ. ಅವಳು ಕೆಟ್ಟವಳಲ್ಲ, ಅದು ನನಗೆ ಗೊತ್ತು.

ಅವಳು ಹೋದ ಮೇಲೆ ಅಳಿಯನಿಗೆ ಫೋನ್ ಮಾಡಿದೆ. ಭೂಮಿ ಗುಂಡಗಿರದ ಹಾಗೆ ಮಾಡಬಹುದಾ ಎಂದೆ. ಅವನು ನಕ್ಕ. ನೆಲ ಆರಿಸುವ ಕಡೆ ಕೆಳಗೊಂದು ಚೌಕ ಇದೆಯಂತೆ, ಅದನ್ನು ಒತ್ತಿದರೆ ಭೂಮಿಗೆ ಅಂಚು ಬರುತ್ತದಂತೆ. ಸುತ್ತಿ ಬರಲು ಆಗದು. ಒತ್ತಿದೆ. ದೇವರು ಗುಂಡಗೆ ಮಾಡಿದ್ದನ್ನು ನಾನು ಚಪ್ಪಟೆ ಮಾಡಿದೆ, ಕ್ಷಮಿಸಲಿ.

ನೆಲ ಮಾತ್ರ ಖಂಡ ಹಾಕಲಿಲ್ಲ. ಕಣಿವೆ ಹಾಕಿದೆ. ಇದನ್ನು ಯಾರೂ ಹೇಳಿಕೊಡಲಿಲ್ಲ.

ಏಳನೇ ಬಿಡಾರ ಒಂದು ಉದ್ದನೆಯ ಕಣಿವೆಯಲ್ಲಿತ್ತು. ಎರಡೂ ಕಡೆ ಗುಡ್ಡ, ನಡುವೆ ಹೊಳೆ, ಹೊಳೆಯ ಪಕ್ಕಕ್ಕೇ ರಸ್ತೆ ಹೋಗಬೇಕು. ನಾಲ್ಕು ವರ್ಷ ಇದ್ದೆವು, ಬೇರೆಲ್ಲೂ ಅಷ್ಟು ಇರಲಿಲ್ಲ. ಮಗಳು ಅಲ್ಲಿಯ ಶಾಲೆಗೆ ಹೋದಳು. ನಾನು ಅಲ್ಲಿ ಹೊಲಿಗೆ ಕಲಿತೆ, ಹಂಚಿನ ಮನೆಯ ದರ್ಜಿ ಮುದುಕಿಯ ಹತ್ತಿರ. ಅವಳು ನೂಲು ಪೋಣಿಸಲು ನನ್ನ ಕಣ್ಣು ಬೇಕು ಎಂದು ಕರೆಯುತ್ತಿದ್ದಳು, ನಾನು ಅವಳ ಕೈ ನೋಡಿ ಕಲಿತೆ. ಶೆಡ್ಡಿನ ಹಿಂದೆ ಒಂದಿಷ್ಟು ನೆಲ ಅಗೆದು ಹೂವಿನ ಗಿಡ ಹಾಕಿದ್ದೆ. ಬಿಡಾರದವರು ಯಾರೂ ಗಿಡ ಹಾಕುವುದಿಲ್ಲ, ಹೂ ಬಿಡುವ ಹೊತ್ತಿಗೆ ನಾವೇ ಇರುವುದಿಲ್ಲವಲ್ಲ. ಅಲ್ಲಿ ನಾನು ಹೂ ನೋಡಿದೆ. ಅಲ್ಲಿಂದ ಹೊರಟ ದಿನ ಲಾರಿಯ ಹಿಂದೆ ಪಾತ್ರೆಗಳ ನಡುವೆ ಕೂತು ಮುಖ ಮುಚ್ಚಿಕೊಂಡು ಅತ್ತಿದ್ದೆ. ಇವರು ಮುಂದೆ ಡ್ರೈವರ್ ಪಕ್ಕ ಕೂತು ಹಾಡುತ್ತಿದ್ದರು.

ಜುಲೈ 27, ಶನಿವಾರ

ಕಣಿವೆಯಲ್ಲಿ ಹತ್ತು ದಿನ. ಬಲಗಡೆ ಅಂಚು ತಾಗಿ ನಿಂತಿದ್ದಾರೆ. "ಇಷ್ಟೇನಾ ಇದರ ದೇಶ, ಚಾಪೆಯಷ್ಟು?" ಎನ್ನುತ್ತಾರೆ. ಎಡಗಡೆ ಮೂರು ಹೆಜ್ಜೆಯಾಚೆ ನನ್ನ ಮೊದಲ ಊರು.

ಪ್ರಾರ್ಥನೆಗೆ ಕೂತರೆ ಇವತ್ತು ಮಾತೇ ಬರಲಿಲ್ಲ. ಸುಮ್ಮನೆ ಕೂತು ಎದ್ದೆ.

ಆಗಸ್ಟ್ 2, ಶುಕ್ರವಾರ

ಬೆಳಿಗ್ಗೆ ತಿಂಡಿಯಾದ ಮೇಲೆ ಆಟ ಶುರುವಾಯಿತು. ಇವರು ಏನೂ ಮಾಡದೆ ಬಹಳ ಹೊತ್ತು ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದರು:

"ಈ ಹೊಳೆ ಎಲ್ಲಿಂದ ಬರ್ತಿದೆಯೇ?"

ಇನ್ಸ್‌ಪೆಕ್ಟರಮ್ಮ ಹೇಳಿಕೊಡಬೇಡಿ ಎಂದಿದ್ದಾಳೆ.

"ಬಲಕ್ಕೆ ಹರೀತಿದೆ. ಸರಿ. ಆದರೆ ಬರೋದು ಎಲ್ಲಿಂದ? ನೀರು ಸುಮ್ನೆ ಹುಟ್ಟಲ್ಲ. ಮೇಲೊಂದು ಕಡೆ ಇರ್ಲೇಬೇಕು." ಇವರ ಹಳೇ ಧ್ವನಿ ಅದು, ಕೂಲಿಯವರ ಜೊತೆ ಮಾತಾಡುವ ಧ್ವನಿ. ಮೋರಿ ಕಟ್ಟುವ ಮೊದಲು ಇವರು ಯಾವಾಗಲೂ ಹಾಗೇ ಮಾಡುತ್ತಿದ್ದರು. ಚಿಕ್ಕ ಹಳ್ಳವಾದರೂ ಸರಿ, ಅದು ಎಲ್ಲಿಂದ ಬರುತ್ತದೆ ಎಂದು ಮೇಲಿನ ತನಕ ನಡೆದು ನೋಡಿಯೇ ಕಲ್ಲು ಇಡಿಸುತ್ತಿದ್ದರು. ಎಂಜಿನಿಯರುಗಳು ಇವರನ್ನು ನೋಡಿ ನಗುತ್ತಿದ್ದರು. ಮಳೆಗಾಲದಲ್ಲಿ ಇವರ ಮೋರಿ ಒಂದೂ ಕೊಚ್ಚಿಹೋಗಲಿಲ್ಲ.

ಬಲಗೈಯ ಬೆರಳನ್ನು ಪರದೆಗೆ ಒತ್ತಿ ಹೊಳೆಯ ಮೇಲೇ ಇಟ್ಟರು. ನಿಧಾನ ಹಿಂದಕ್ಕೆ ಎಳೆದರು. ನೆಲದ ಒಂದು ಚೌಕ. ಇನ್ನೊಂದು. ಬೆರಳಿನ ಹಿಂದೆ ಕಣ್ಣು, ಕಣ್ಣಿನ ಹಿಂದೆ ತಲೆ. ಬೆವರು ಬಂತು. ನಡುವೆ ಎರಡು ಸಲ ಬೆರಳು ಜಾರಿ ಮತ್ತೆ ಬಲಕ್ಕೆ ಬಂದುಬಿಟ್ಟಿತು. ಎರಡು ಸಲವೂ ಮೊದಲಿಂದ ಶುರು ಮಾಡಿದರು.

"ಇಲ್ಲೊಂದು ಊರಿದೆ! ಹಸಿರು."

"ನನ್ನದು."

"ಎಷ್ಟು ದಿನದಿಂದ ಇದೆ?"

"ಮೊದಲಿಂದಲೂ."

ಆಮೇಲೆ ನನಗೆ ಏನಾಯಿತೋ, ಕಣಿವೆಯ ಬಿಡಾರದ ಮಾತು ತೆಗೆದೆ. ಆ ದಿನ ಲಾರಿಯಲ್ಲಿ ಅತ್ತದ್ದು, ಅಲ್ಲೇ ಉಳಿಯಬೇಕು ಎಂದು ಆಸೆಯಿದ್ದದ್ದು, ಹೂವಿನ ಗಿಡ, ಎಲ್ಲ ಹೇಳಿದೆ. ಇವರು ದಣಿದು ಮುಖ ಮತ್ತೆ ಬಲಕ್ಕೆ ತಿರುಗಿತ್ತು. ಖಾಲಿ ಕುರ್ಚಿಯನ್ನು ನೋಡುತ್ತಾ ಎಲ್ಲ ಕೇಳಿಸಿಕೊಂಡರು.

"ಹೇಳಬೇಕಿತ್ತು ನೀನು," ಎಂದರು ಕುರ್ಚಿಗೆ.

"ಕೇಳಬೇಕಿತ್ತು ನೀವು," ಎಂದೆ ಎಡಗಡೆಯಿಂದ.

"ಹೌದು," ಎಂದರು. "ರಸ್ತೆ ಎಲ್ಲಿಗೆ ಹೋಗಬೇಕು ಅಂತ ಊರಿಗೆ ಊರನ್ನೇ ಕೇಳ್ತಿದ್ದೆ. ಮನೇಲಿ ಕೇಳಲಿಲ್ಲ."

ಆಗಸ್ಟ್ 6, ಮಂಗಳವಾರ

ತಟ್ಟೆಯಲ್ಲಿ ಕಾಲು ಭಾಗ ಮಾತ್ರ ಉಳಿಯಿತು. ಗಡ್ಡ ಇನ್ನೂ ಅರ್ಧವೇ. ನಿನ್ನೆ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಂಡು ಚೌಕಟ್ಟಿಗೇ ಬೈದರು. ಒಂದು ದಿನ ಹೀಗೆ, ಒಂದು ದಿನ ಹಾಗೆ. ನಾನು ಈಗ ಎಣಿಸುವುದು ಬಿಟ್ಟಿದ್ದೇನೆ.

ಹೊಸ ಆಟ. ನೆಲ ನಾನೇ ಹಾಕಿದೆ, ಇವರು ಕೇಳಲೂ ಇಲ್ಲ. "ಎಲ್ಲಿ ಬಿಡಾರ ಈ ಸಲ?" ಎಂದರು ಅಷ್ಟೇ.

ಆಗಸ್ಟ್ 12, ಸೋಮವಾರ

ಸಂಜೆಯಾಗಿದೆ. ಇವರು ಒಳಗೆ ಮಲಗಿದ್ದಾರೆ. ನಮ್ಮ ಮನೆಯ ಒಳಗೇ. ಡಾಕ್ಟರು ಹೇಳಿದ್ದು ಇಷ್ಟು: ಎಡಗಡೆಯ ಒಲೆ ಬಳಸುವ ಹಾಗಿಲ್ಲ, ಮೆಟ್ಟಿಲು ಒಬ್ಬರೇ ಇಳಿಯುವ ಹಾಗಿಲ್ಲ, ಮೊದಲ ತಿಂಗಳು ನಾನು ಅರ್ಧ ದಿನ ಮಾತ್ರ ಕೆಲಸಕ್ಕೆ ಹೋಗಬೇಕು. ಉಳಿದದ್ದು ಆಮೇಲೆ ನೋಡೋಣ. ಪೂರ್ತಿ ಸರಿಹೋಗುತ್ತದೆ ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಆರೈಕೆ ಮನೆಗೆ ಫೋನ್ ಮಾಡಿ ಆ ಹಾಸಿಗೆ ಬೇರೆಯವರಿಗೆ ಕೊಡಿ ಎಂದಳು. ಕೊನೆಯಲ್ಲಿ ಥ್ಯಾಂಕ್ಸ್ ಎಂದು ಎರಡು ಸಲ ಹೇಳಿದಳು.

ಡಾಕ್ಟರ ಕೋಣೆಯೊಳಗೆ ನಡೆದದ್ದು ಬರೆದಿಡುತ್ತೇನೆ.

ಅಳಿಯನ ಕಾರಿನ ಹಿಂದೆ ಗಾಲಿ ಕುರ್ಚಿ ತುಂಬಿದ್ದರಿಂದ ನನಗೆ ಜಾಗವಿರಲಿಲ್ಲ. ಅವರೆಲ್ಲ ಮೊದಲು ಹೋದರು, ನಾನು ಬಸ್ಸಿನಲ್ಲಿ ಹೋದೆ. ನಾನು ಮುಟ್ಟುವ ಹೊತ್ತಿಗೆ ಇವರನ್ನು ಆಗಲೇ ಒಳಗೆ ಕೂರಿಸಿದ್ದರು. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟು, ಎಡಗಡೆ ಗೋಡೆಯ ಪಕ್ಕದ ಸ್ಟೂಲು ತೋರಿಸಿದರು. ನಾನು ಸದ್ದಿಲ್ಲದೆ ಕೂತೆ. ಆ ಜಾಗ ನನಗೆ ಹೊಸದೇನಲ್ಲವಲ್ಲ.

ಮೇಜಿನ ಮೇಲೆ ದೊಡ್ಡ ಹಾಳೆ ಇಟ್ಟರು. ಹಾಳೆ ತುಂಬ ಚಿಕ್ಕ ಚಿಕ್ಕ ಗೆರೆಗಳು, ಚೆಲ್ಲಿದ ಪಿನ್ನುಗಳ ಹಾಗೆ. ಕಂಡ ಗೆರೆಯನ್ನೆಲ್ಲ ಪೆನ್ನಿಂದ ಹೊಡೆಯಬೇಕು. ಇವರು ಬಲತುದಿಯಿಂದ ಟಕಟಕ ಹೊಡೆಯುತ್ತಾ ಬಂದು ನಡುವಿಗೆ ನಿಂತರು. ಪೆನ್ನು ಕೆಳಗಿಟ್ಟರು.

"ಮುಗೀತು."

ಡಾಕ್ಟರು ಏನೋ ಬರೆದುಕೊಂಡರು. ಆ ಸದ್ದು ನನ್ನ ಎದೆಯ ಮೇಲೆ ಬರೆದ ಹಾಗಿತ್ತು. ದೇವರನ್ನು ನೆನೆಯೋಣವೆಂದರೆ ಅವನ ಹೆಸರೇ ನೆನಪಿಗೆ ಬರಲಿಲ್ಲ. ಇವರ ಕತ್ತಿನ ಹಿಂಭಾಗ ನೋಡುತ್ತಾ ಕೂತಿದ್ದೆ.

"ತಾಳಿ ಡಾಕ್ಟ್ರೇ," ಎಂದರು ಇವರು. "ಈ ಹಾಳೆ ಎಲ್ಲಿಂದ ಶುರು ಆಗತ್ತೆ?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಒಂದು ಅಂಚು ಇದೆ ಅಂದ್ರೆ ಇನ್ನೊಂದೂ ಇರ್ಬೇಕಲ್ಲ. ಒಂದೇ ಅಂಚಿನ ರಸ್ತೆ ನಾನಂತೂ ಹಾಕಿಲ್ಲ."

ಬಲಗೈಯನ್ನು ಹಾಳೆಯ ಕೆಳಗಿನ ಅಂಚಿನ ಮೇಲಿಟ್ಟು ಎಡಕ್ಕೆ ಜಾರಿಸುತ್ತಾ ಹೋದರು. ಸಿಕ್ಕಿಹಾಕಿಕೊಂಡ ಬಾಗಿಲಿನ ಹಾಗೆ ಕತ್ತು ಸ್ವಲ್ಪ ಸ್ವಲ್ಪವೇ ತಿರುಗಿತು. ಮೂಲೆ ಸಿಕ್ಕಿತು. ಅಲ್ಲಿಂದ ಮೇಲಕ್ಕೆ ಗೆರೆಗಳನ್ನು ಹೊಡೆಯಲು ಶುರು ಮಾಡಿದರು. ಒಂದು, ಎರಡು, ಹತ್ತು. ಅವಸರವೇ ಇಲ್ಲ. ಎಲ್ಲೋ ಮೂರು ನಾಲ್ಕು ಬಿಟ್ಟರು.

ಕೊನೆಯ ಗೆರೆ ಹೊಡೆದ ಮೇಲೆ ಕಣ್ಣು ಅಲ್ಲಿ ನಿಲ್ಲಲಿಲ್ಲ. ಹಾಳೆಯ ಅಂಚು ದಾಟಿತು. ಮೇಜಿನ ಅಂಚು ದಾಟಿತು. ನೆಲ, ನನ್ನ ಚಪ್ಪಲಿ, ಮಡಿಲಲ್ಲಿದ್ದ ಚೀಲ, ಆಮೇಲೆ ನನ್ನ ಮುಖ. ಅಲ್ಲಿ ನಿಂತಿತು.

"ಅರೆ," ಎಂದರು. "ನೀನು ಯಾವಾಗ ಬಂದೆ?"

"ಈಗಷ್ಟೇ," ಎಂದೆ.

"ಬಸ್ಸಲ್ಲಿ ಬಂದ್ಯಾ? ದಾರಿ ಹೇಗಿತ್ತು?"

"ಚೆನ್ನಾಗಿತ್ತು," ಎಂದೆ.